ತೂಕ ಇಳಿದ ಮೇಲೇ ಬಂಜೆತನಕ್ಕೆ ಚಿಕಿತ್ಸೆಯೆ?

"ಮೊದಲು ಹತ್ತು ಕಿಲೊ ಇಳಿಸಿಕೊಂಡು ಬಾಮ್ಮ, ಆಮೇಲೆ ನೋಡೋಣ" ಎನ್ನುತ್ತಾರೆ ವೈದ್ಯರು. "ಮಗು ಬೇಕೆಂದರೆ ಮೈ ಅಲುಗಿಸಬಾರದು, ಸುಮ್ಮನೆ ಕೂತಿರು" ಎನ್ನುತ್ತಾರೆ ಮನೆಯ ಹಿರಿಯರು. ಮದುವೆಯಾಗಿ ಮೂರು ನಾಲ್ಕು ವರ್ಷ ಕಳೆದರೂ ಮಡಿಲು ತುಂಬದ, ಮೈತೂಕ ಹೆಚ್ಚಿರುವ ಹೆಣ್ಣುಮಗಳು ಈ ಎರಡು ಮಾತುಗಳ ನಡುವೆ ಸಿಕ್ಕಿಕೊಳ್ಳುತ್ತಾಳೆ. ಎರಡನೆಯದು ತಪ್ಪು. ಮೊದಲನೆಯದು ಎಲ್ಲರಿಗೂ ಅನ್ವಯಿಸುವುದಿಲ್ಲ.

ತೂಕ ಹೆಚ್ಚು ಎಂದರೆ ಎಷ್ಟು? ಭಾರತೀಯರಿಗೆ ಅನ್ವಯಿಸುವ ಅಳತೆಯಂತೆ ಐದಡಿ ಎತ್ತರದ ಮಹಿಳೆ 53 ಕಿಲೊ ದಾಟಿದರೆ ತೂಕ ಹೆಚ್ಚು, 58 ದಾಟಿದರೆ ಸ್ಥೂಲಕಾಯ. ಕೊಬ್ಬು ಹೆಚ್ಚಾದಾಗ ದೇಹ ಇನ್ಸುಲಿನ್‌ಗೆ ಸರಿಯಾಗಿ ಓಗೊಡುವುದಿಲ್ಲ. ಆಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸ್ರವಿಸುತ್ತದೆ. ಹೀಗೆ ಹೆಚ್ಚಾದ ಇನ್ಸುಲಿನ್ ಅಂಡಾಶಯದಲ್ಲಿ ಗಂಡು ಹಾರ್ಮೋನು ಮಿತಿಮೀರಿ ತಯಾರಾಗುವಂತೆ ಮಾಡುತ್ತದೆ. ಅಂಡಾಣು ಪೂರ್ತಿ ಬಲಿಯದೆ ಅರ್ಧದಲ್ಲೇ ನಿಲ್ಲುತ್ತದೆ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತದೆ. ಕೆಲವರಿಗೆ ಗಲ್ಲದ ಮೇಲೆ ಕೂದಲು, ಮೊಡವೆ, ಕತ್ತಿನ ಹಿಂದೆ ಕಪ್ಪು ಪಟ್ಟಿ ಕಾಣಿಸಿಕೊಳ್ಳುತ್ತದೆ. ಸ್ಕ್ಯಾನಿಂಗ್ ವರದಿಯಲ್ಲಿ 'ಪಿಸಿಓಡಿ' ಎಂದು ಬರೆದಿರುವುದು ಸಾಮಾನ್ಯವಾಗಿ ಇದನ್ನೇ.

ವ್ಯಾಯಾಮದ ಉಪಯೋಗ ಇಲ್ಲಿದೆ. ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವನ್ನು ಹೆಚ್ಚು ಬೇಡದೆ ರಕ್ತದ ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ಇದರ ಪರಿಣಾಮ ಒಂದೆರಡು ದಿನ ಉಳಿಯುತ್ತದೆ. ಆದ್ದರಿಂದ ತಕ್ಕಡಿಯ ಮುಳ್ಳು ಅಲುಗದಿದ್ದರೂ ಒಳಗೆ ಸುಧಾರಣೆ ಶುರುವಾಗಿರುತ್ತದೆ. ತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಭಾಗ, ಅಂದರೆ 70 ಕಿಲೊ ಇರುವವರಿಗೆ ಮೂರೂವರೆಯಿಂದ ಏಳು ಕಿಲೊ ಇಳಿದರೆ ಎಷ್ಟೋ ಮಂದಿಯ ಮುಟ್ಟು ಸರಿದಾರಿಗೆ ಬರುತ್ತದೆ.

ಆಸ್ಟ್ರೇಲಿಯದ ಅಡಿಲೇಡಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 67 ಸ್ಥೂಲಕಾಯದ ಮಹಿಳೆಯರು ಆರು ತಿಂಗಳು ಬಿಡದೆ ವ್ಯಾಯಾಮ, ಪಥ್ಯ ಪಾಲಿಸಿದರು. ಸರಾಸರಿ ಹತ್ತು ಕಿಲೊ ಇಳಿಯಿತು. 60 ಮಂದಿಯಲ್ಲಿ ಅಂಡಾಣು ತಾನಾಗಿಯೇ ಬಿಡುಗಡೆಯಾಗತೊಡಗಿತು. 52 ಮಂದಿ ಗರ್ಭ ಧರಿಸಿದರು; ಅವರಲ್ಲಿ 18 ಮಂದಿಗೆ ಯಾವ ಚಿಕಿತ್ಸೆಯೂ ಬೇಕಾಗಲಿಲ್ಲ.

ಹಾಗಾದರೆ ತೂಕ ಇಳಿಸಿಯೇ ಚಿಕಿತ್ಸೆಗೆ ಹೋಗಬೇಕೆ? ಇಲ್ಲಿ ಎಚ್ಚರ ಬೇಕು. ಮುಟ್ಟು ಸರಿಯಾಗಿದ್ದೂ ಕಾರಣ ತಿಳಿಯದೆ ಗರ್ಭ ನಿಲ್ಲದ 379 ಸ್ಥೂಲಕಾಯದ ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಅರ್ಧ ಮಂದಿಗೆ ಪಥ್ಯ, ಔಷಧ, ವ್ಯಾಯಾಮ ಮೂರನ್ನೂ ಕೊಟ್ಟು ತೂಕ ಇಳಿಸಿದರು. ಉಳಿದವರಿಗೆ ವ್ಯಾಯಾಮ ಮಾತ್ರ. ನಾಲ್ಕು ತಿಂಗಳ ಬಳಿಕ ಎಲ್ಲರಿಗೂ ಒಂದೇ ಚಿಕಿತ್ಸೆ. ತೂಕ ಇಳಿದವರಿಗೆ ಹೆಚ್ಚು ಮಕ್ಕಳೇನೂ ಆಗಲಿಲ್ಲ. ನೆದರ್‌ಲೆಂಡ್ಸ್‌ನಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಆರು ತಿಂಗಳು ಚಿಕಿತ್ಸೆ ಮುಂದೂಡಿದ್ದರಿಂದ ಹೆರಿಗೆಗಳು ಹೆಚ್ಚಲಿಲ್ಲ.

ಆದ್ದರಿಂದ ಎರಡು ವಿಷಯ ನೋಡಬೇಕು: ಮುಟ್ಟು ಮತ್ತು ವಯಸ್ಸು. ಮೂವತ್ತರೊಳಗಿದ್ದು ಮುಟ್ಟು ಏರುಪೇರಾಗಿದ್ದರೆ ಮೂರರಿಂದ ಆರು ತಿಂಗಳು ವ್ಯಾಯಾಮಕ್ಕೆ ಕೊಡುವುದು ಲಾಭವೇ. ಮೂವತ್ತೈದು ದಾಟಿದವರು ತೂಕಕ್ಕಾಗಿ ಕಾಯುತ್ತ ಕೂರಬಾರದು. ಇಳಿದ ತೂಕದಿಂದ ಸಿಗುವ ಲಾಭವನ್ನು ಏರಿದ ವಯಸ್ಸು ನುಂಗಿಬಿಡುತ್ತದೆ. ಅವರು ಚಿಕಿತ್ಸೆ, ವ್ಯಾಯಾಮ ಎರಡನ್ನೂ ಜೊತೆಗೇ ನಡೆಸಬೇಕು. ಗರ್ಭಿಣಿಯಾದಾಗ ಬರುವ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಅಪಾಯ ತಗ್ಗಲಿಕ್ಕಾದರೂ ವ್ಯಾಯಾಮ ಬೇಕೇ ಬೇಕು.

ಶ್ರೀನಿವಾಸಪುರದಂಥ ಊರಿನವರಿಗೆ ಈ ತೀರ್ಮಾನ ಇನ್ನೂ ಮುಖ್ಯ. ಕೋಲಾರದ ಜಿಲ್ಲಾ ಆಸ್ಪತ್ರೆಗೋ ಟಮಕದ ಜಾಲಪ್ಪ ಆಸ್ಪತ್ರೆಗೋ ಹೋಗಿಬರಲು ಒಂದು ದಿನದ ಕೆಲಸ ಕೆಡುತ್ತದೆ. ಬೆಂಗಳೂರೆಂದರೆ ಖರ್ಚು ಬೇರೆ. ಹೋಗುವ ಮೊದಲ ದಿನವೇ ಗಂಡನೂ ಜೊತೆಗಿದ್ದು ವೀರ್ಯ ಪರೀಕ್ಷೆ ಮಾಡಿಸಿಕೊಳ್ಳಲಿ. ದೋಷ ಗಂಡಸಿನಲ್ಲಿರುವಾಗ ಸೊಸೆಯನ್ನು ವರ್ಷಗಟ್ಟಲೆ ಉಪವಾಸ ಕೆಡವುವ ಮನೆಗಳು ಇಂದಿಗೂ ಇವೆ!

ವ್ಯಾಯಾಮಕ್ಕೆ ಕಾಸು ಬೇಕಿಲ್ಲ. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು. ತೂಕವೂ ಇಳಿಯಬೇಕೆಂದರೆ ನಿಧಾನವಾಗಿ ಮುಕ್ಕಾಲು ಗಂಟೆ, ಒಂದು ಗಂಟೆಗೆ ಏರಿಸಿ. ತೋಟದಲ್ಲಿ ಟೊಮೆಟೊ ಬಿಡಿಸುವವರಿಗೆ ಇದನ್ನು ಹೇಳಬೇಕಿಲ್ಲ. ಆದರೆ ಅಂಗಡಿಯಲ್ಲಿ, ಹೊಲಿಗೆ ಯಂತ್ರದ ಮುಂದೆ, ಟಿ.ವಿ. ಎದುರು ಕೂರುವವರು "ಮನೆಗೆಲಸವೇ ಸಾಕು" ಎಂದು ನೆಚ್ಚಿಕೊಳ್ಳುವಂತಿಲ್ಲ. ಬೀದಿಯಲ್ಲಿ ಒಬ್ಬಳೇ ನಡೆಯಲು ಸಂಕೋಚವಾದರೆ ಗಂಡನನ್ನೂ ಎಬ್ಬಿಸಿಕೊಂಡು ಹೋಗಿ, ಅವರ ಹೊಟ್ಟೆಯೂ ಕರಗಲಿ. ಉಪವಾಸ ಬೇಡ. ಮುದ್ದೆ, ಸೊಪ್ಪಿನ ಸಾರು, ಕಾಳು ಇರಲಿ. ಅನ್ನ, ಸಕ್ಕರೆ, ಕರಿದ ತಿಂಡಿ ಇಳಿಯಲಿ. ಶ್ರೀನಿವಾಸಪುರದವರಿಗೆ ಮಾವು ಬಿಡಿ ಎಂದರೆ ಯಾರು ಕೇಳುತ್ತಾರೆ? ಊಟದ ಮೇಲೆ ಬುಟ್ಟಿ ಖಾಲಿ ಮಾಡದಿದ್ದರೆ ಸಾಕು.

ಅಂಡಾಣು ಬೆಳೆಸುವ ಇಂಜೆಕ್ಷನ್ ನಡೆಯುವಾಗ ಮಾತ್ರ ಓಟ, ಹಗ್ಗದಾಟ, ಭಾರ ಎತ್ತುವುದು ಬೇಡ. ಊದಿಕೊಂಡ ಅಂಡಾಶಯ ತಿರುಚಿಕೊಳ್ಳುವ ಅಪಾಯವಿದೆ. ಸಾಧಾರಣ ನಡಿಗೆಗೆ ಅಡ್ಡಿಯಿಲ್ಲ. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಭ್ರೂಣವನ್ನು ಗರ್ಭಕೋಶದೊಳಗೆ ಇಟ್ಟ ಮೇಲೆ ಹಾಸಿಗೆ ಹಿಡಿದು ಮಲಗುವುದರಿಂದ ಗರ್ಭ ಹೆಚ್ಚು ನಿಲ್ಲುತ್ತದೆ ಎಂಬುದು ಪರೀಕ್ಷೆಗಳಲ್ಲಿ ನಿಜವಾಗಿಲ್ಲ. ಎದ್ದು ಓಡಾಡಿದರೆ ಭ್ರೂಣ ಜಾರಿ ಬೀಳುವುದಿಲ್ಲ. ಆದರೆ ಇಂಜೆಕ್ಷನ್ ದಿನಗಳಲ್ಲಾಗಲಿ ಆಮೇಲಾಗಲಿ ಹೊಟ್ಟೆ ಬಿಗಿದು ಉಬ್ಬರಿಸಿದರೆ, ತಡೆಯಲಾಗದ ನೋವು, ವಾಂತಿ, ಉಸಿರಾಟಕ್ಕೆ ಕಷ್ಟ ಕಾಣಿಸಿದರೆ ಬೆಳಗಾಗಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.