ನಾಲ್ಕು ವಾರಗಳ ಕೈಕೆಲಸ: ಕಡಿಮೆ ಖರ್ಚಿನ ಕ್ರಿಸ್‌ಮಸ್

ಡಿಸೆಂಬರ್ ಬರುವ ಹೊತ್ತಿಗೆ ದಾವಣಗೆರೆ ಸುತ್ತಲಿನ ಹೊಲಗಳಲ್ಲಿ ಮೆಕ್ಕೆಜೋಳದ ಕಟಾವು ಬಹುಮಟ್ಟಿಗೆ ಮುಗಿದಿರುತ್ತದೆ. ತೆನೆ ಸುಲಿದ ರವದಿ ಕಣದ ಅಂಚಿನಲ್ಲಿ ಬಿದ್ದಿರುತ್ತದೆ. ಭದ್ರಾ ನಾಲೆಯ ಬಯಲಿನಲ್ಲಿ ಭತ್ತದ ಹೊಸ ಹುಲ್ಲು ಬಣವೆಗೆ ಏರುತ್ತಿರುತ್ತದೆ. ಚನ್ನಗಿರಿ ಕಡೆಯ ತೋಟಗಳಲ್ಲಿ ಅಡಿಕೆ ಹಾಳೆ ಉದುರುತ್ತಿರುತ್ತದೆ. ಕ್ರಿಸ್‌ಮಸ್‌ಗೆ ಬೇಕಾದ ಅಲಂಕಾರದ ಸಾಮಗ್ರಿ ಬಹಳಷ್ಟು ಇದರಲ್ಲೇ ಇದೆ. ಎಸ್.ಎಸ್. ಬಡಾವಣೆಯಂಥ ಪಟ್ಟಣದ ಬಡಾವಣೆಯಿಂದ ಕುಂದವಾಡದ ಕಡೆ ಸ್ವಲ್ಪ ದೂರ ನಡೆದರೆ ಹೊಲ, ಕಣ ಸಿಗುತ್ತವೆ. ಕೇಳಿದರೆ ಒಂದು ಹೊರೆ ರವದಿಯನ್ನು ಯಾರೂ ಇಲ್ಲ ಎನ್ನುವುದಿಲ್ಲ.

ಆದರೂ ಹಬ್ಬದ ಖರ್ಚು ಏಕೆ ಏರುತ್ತದೆ? ಎಲ್ಲವನ್ನೂ ಕೊನೆಯ ಮೂರು ದಿನಕ್ಕೆ ಬಿಡುವುದರಿಂದ. ಡಿಸೆಂಬರ್ 22ಕ್ಕೆ ನೆನಪಾದ ನಕ್ಷತ್ರವನ್ನು ಅಂಗಡಿಯಿಂದಲೇ ತರಬೇಕು, 23ಕ್ಕೆ ನೆನಪಾದ ಉಡುಗೊರೆಗೆ ದುಡ್ಡನ್ನೇ ಎಣಿಸಬೇಕು. ಕಡಿಮೆ ಖರ್ಚಿನ ಹಬ್ಬಕ್ಕೆ ಬೇಕಾದ ಮುಖ್ಯ ಬಂಡವಾಳ ಸಮಯ. ಆ ಸಮಯವನ್ನು ಕ್ರೈಸ್ತ ಪಂಚಾಂಗವೇ ಕೊಟ್ಟಿದೆ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಆಗಮನ ಕಾಲ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬೀಳುವ ಭಾನುವಾರದಂದು ಶುರುವಾಗುತ್ತದೆ. ದಾವಣಗೆರೆಯ ಪಿ.ಜೆ. ಬಡಾವಣೆಯ ಸಂತ ತೋಮಸರ ಚರ್ಚಿಗೆ ಹೋಗುವವರಿಗೂ ಹರಿಹರದ ಆರೋಗ್ಯಮಾತೆಯ ಬಸಿಲಿಕಾಕ್ಕೆ ಹೋಗುವವರಿಗೂ ಇದು ಪ್ರಾರ್ಥನೆಯ ಕಾಲ. ಇದನ್ನೇ ಕೈಕೆಲಸದ ಕಾಲವನ್ನಾಗಿಯೂ ಮಾಡಿಕೊಳ್ಳುವುದು ಹೇಗೆಂದು ಈ ಅಧ್ಯಾಯ ಹೇಳುತ್ತದೆ.

ಮೊದಲ ವಾರ: ದೀಪ ಮತ್ತು ಕೌದಿ

ಆಗಮನ ಕಾಲದ ನಾಲ್ಕು ದೀಪಗಳ ಚಕ್ರ ಇಂದು ಜಗತ್ತಿನ ಅನೇಕ ಚರ್ಚುಗಳಲ್ಲಿ ಕಾಣುತ್ತದೆ. ಅದು ಹುಟ್ಟಿದ್ದು ಬಡಮಕ್ಕಳ ನಡುವೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ನಿರ್ಗತಿಕ ಮಕ್ಕಳಿಗಾಗಿ ಆಶ್ರಮ ನಡೆಸುತ್ತಿದ್ದ ಪಾದ್ರಿ ಯೋಹಾನ್ ಹಿನ್ರಿಕ್ ವಿಕರ್ನ್, ಹಬ್ಬ ಎಂದು ಬರುತ್ತದೆಂದು ಕಾತರಿಸುವ ಮಕ್ಕಳಿಗಾಗಿ 1839ರಲ್ಲಿ ಒಂದು ಹಳೆಯ ಗಾಡಿ ಚಕ್ರದ ಮೇಲೆ ಮೇಣದ ಬತ್ತಿಗಳನ್ನು ನಿಲ್ಲಿಸಿದರು. ವಾರದ ದಿನಗಳಿಗೆ ಚಿಕ್ಕ ಕೆಂಪು ಬತ್ತಿ, ಭಾನುವಾರಕ್ಕೆ ದೊಡ್ಡ ಬಿಳಿ ಬತ್ತಿ. ದಿನಕ್ಕೊಂದು ಹಚ್ಚುತ್ತ ಹೋದರೆ ಮಕ್ಕಳು ತಾವೇ ದಿನ ಎಣಿಸಿಕೊಳ್ಳುತ್ತಿದ್ದರು. ನಮ್ಮ ಮನೆಗಳಲ್ಲಿ ದೀಪಾವಳಿಯ ಹಣತೆಗಳು ಉಳಿದಿರುತ್ತವೆ. ಅಡಿಕೆ ಹಾಳೆಯ ತಟ್ಟೆಗಿಂತ ಹಿತ್ತಾಳೆ ಅಥವಾ ಸ್ಟೀಲ್ ತಟ್ಟೆ ಇದಕ್ಕೆ ಸುರಕ್ಷಿತ. ಅದರಲ್ಲಿ ನಾಲ್ಕು ಹಣತೆ ಇಟ್ಟು ಅಂಚಿಗೆ ಮಾವಿನೆಲೆ ಜೋಡಿಸಿದರೆ ಖರ್ಚು ಎಣ್ಣೆಯದು ಮಾತ್ರ.

ಉಡುಗೊರೆಯ ಕೆಲಸವನ್ನೂ ಇದೇ ವಾರ ಹಿಡಿಯಬೇಕು, ಏಕೆಂದರೆ ಒಳ್ಳೆಯ ಉಡುಗೊರೆ ನಿಧಾನದ್ದು. ನಮ್ಮ ಭಾಗದ ಅಜ್ಜಿಯರು ಬಲ್ಲ ಅತ್ಯುತ್ತಮ ಉಡುಗೊರೆ ಕೌದಿ. ಹಳೆಯ ನೂಲಿನ ಸೀರೆಗಳನ್ನು ಮೂರು ನಾಲ್ಕು ಪದರ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಬಟ್ಟೆ ಇಟ್ಟು, ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ದಾರ ಓಡಿಸಿದರೆ ಕೌದಿ. ನೂರು ಸಲ ಒಗೆದ ಸೀರೆ ಹೊಸ ಬಟ್ಟೆಗಿಂತ ಮೆತ್ತಗಿರುತ್ತದೆ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಮೈಯ ಬಿಸಿಯನ್ನು ಹಿಡಿದಿಡುತ್ತದೆ. ದೊಡ್ಡ ಕೌದಿಗೆ ತಿಂಗಳುಗಳೇ ಬೇಕಾದೀತು. ಎಳೆಮಗುವಿಗೆ ಮುಕ್ಕಾಲು ಮೀಟರ್ ಅಗಲ, ಒಂದು ಮೀಟರ್ ಉದ್ದದ ಕೌದಿಯನ್ನು ದಿನಕ್ಕೆ ಒಂದು ಗಂಟೆ ಕೂತರೆ ಹಬ್ಬದೊಳಗೆ ಮುಗಿಸಬಹುದು. ಬೀದಿಯಲ್ಲಿ ಬಾಣಂತಿ ಇರುವ ಮನೆಗೆ ಇದಕ್ಕಿಂತ ಹೊಂದುವ ಕ್ರಿಸ್‌ಮಸ್ ಉಡುಗೊರೆ ಇಲ್ಲ. ಹಬ್ಬದ ಕಥೆಯಲ್ಲೂ ಹುಟ್ಟಿದ ಮಗುವನ್ನು ಬಟ್ಟೆಯಲ್ಲಿ ಸುತ್ತಿಯೇ ಮಲಗಿಸಿದ್ದು.

ಹೊಲಿಗೆ ಬಾರದವರಿಗೆ ಅಡುಗೆಮನೆ ಇದೆ. ಶೇಂಗಾ ಚಟ್ನಿಪುಡಿ, ನಿಂಬೆ ಉಪ್ಪಿನಕಾಯಿ, ಕಡಕ್ ರೊಟ್ಟಿ: ಇವೆಲ್ಲ ಕೆಡದೆ ಉಳಿಯುವ ಉಡುಗೊರೆಗಳು. ಹಳೆಯ ಗಾಜಿನ ಬಾಟಲಿಯನ್ನು ಬಿಸಿನೀರಲ್ಲಿ ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸುವುದು ಮುಖ್ಯ; ಒಳಗೆ ಹನಿ ನೀರು ಉಳಿದರೂ ಬೂಸು ಬರುತ್ತದೆ.

ಎರಡನೇ ವಾರ: ನಕ್ಷತ್ರ

ಕ್ರಿಸ್‌ಮಸ್ ಮನೆಯ ಗುರುತು ಬಾಗಿಲ ಮೇಲಿನ ನಕ್ಷತ್ರ. ದೀಪಾವಳಿಗೆ ಆಕಾಶಬುಟ್ಟಿ ಕಟ್ಟಿದ ಕೈಗೆ ಇದು ಹೊಸ ವಿದ್ಯೆಯೇನಲ್ಲ. ಮೇದಾರರ ಹತ್ತಿರ ಸೀಳಿದ ಬಿದಿರು ಕಡ್ಡಿ ಸಿಗುತ್ತದೆ. 60 ಸೆಂ.ಮೀ. ಉದ್ದದ ಹತ್ತು ಕಡ್ಡಿ, 14 ಸೆಂ.ಮೀ. ಉದ್ದದ ಐದು ಗಿಡ್ಡ ಕಡ್ಡಿ, ನೂಲು, ಗಾಳಿಪಟದ ಹಾಳೆ, ಮೈದಾ ಅಂಟು ಸಾಕು.

ಐದು ಉದ್ದ ಕಡ್ಡಿಗಳನ್ನು ಒಂದರ ಕೆಳಗೆ ಒಂದು ಹಾಯಿಸಿ ಐದು ಮೂಲೆಯ ನಕ್ಷತ್ರವಾಗಿ ಜೋಡಿಸಿ, ತುದಿಗಳನ್ನು ಕಟ್ಟಬೇಕು. ಪ್ರತಿ ಕಡ್ಡಿಯನ್ನೂ ಉಳಿದ ಕಡ್ಡಿಗಳು ಎರಡು ಕಡೆ ಅಡ್ಡ ಹಾಯುತ್ತವೆ. ನಕ್ಷತ್ರ ಸಮನಾಗಿದ್ದರೆ ಆ ಎರಡು ಜಾಗಗಳು ಒಂದೊಂದು ತುದಿಯಿಂದ 23 ಸೆಂ.ಮೀ. ದೂರದಲ್ಲಿರುತ್ತವೆ, ನಡುವೆ 14 ಸೆಂ.ಮೀ. ಉಳಿಯುತ್ತದೆ. ಕಡ್ಡಿಯ ಮೇಲೆ ಮೊದಲೇ ಪೆನ್ಸಿಲ್ ಗುರುತು ಹಾಕಿಕೊಂಡರೆ ಸೊಟ್ಟಗಾಗುವ ಮಾತೇ ಇಲ್ಲ. ಮಕ್ಕಳಿಗೆ ರೇಖಾಗಣಿತ ಕಲಿಸಲು ಇದೇ ಸಂದರ್ಭ. ಹಾಗೆಯೇ ಇನ್ನೊಂದು ನಕ್ಷತ್ರ ಮಾಡಿ, ಎರಡನ್ನೂ ಒಂದರ ಮೇಲೊಂದಿಟ್ಟು ಐದು ತುದಿಗಳನ್ನು ಬಿಗಿಯಾಗಿ ಕಟ್ಟಬೇಕು. ಆಮೇಲೆ ಒಳಗಿನ ಐದು ಸಂಧಿಗಳಲ್ಲಿ ಗಿಡ್ಡ ಕಡ್ಡಿಗಳನ್ನು ಒಂದೊಂದಾಗಿ ನಿಲ್ಲಿಸಿದರೆ ಚಪ್ಪಟೆಯಾಗಿದ್ದ ಚೌಕಟ್ಟು ಎರಡೂ ಕಡೆ ಉಬ್ಬಿಕೊಳ್ಳುತ್ತದೆ. ಬಾಗಿದ ಬಿದಿರಿನ ಬಿಗಿತವೇ ಗಿಡ್ಡ ಕಡ್ಡಿಗಳನ್ನು ಹಿಡಿದು ನಿಲ್ಲಿಸುತ್ತದೆ, ಮೊಳೆ ಬೇಡ. ಹಾಳೆ ಅಂಟಿಸುವಾಗ ಹಿಂದಿನ ಒಂದು ಮುಖ ಬಿಟ್ಟು ಅಲ್ಲಿಂದ ಬಲ್ಬು ಇಳಿಸಬೇಕು. ಕಡಿಮೆ ವ್ಯಾಟ್‌ನ ಎಲ್‌ಇಡಿ ಬಲ್ಬನ್ನೇ ಬಳಸಿ. ಹಳೆಯ ತಂತಿ ಬಲ್ಬಿನ ಕಾವಿಗೆ ಹಾಳೆ ಹೊತ್ತಿಕೊಳ್ಳಬಹುದು.

ಉಳಿದ ಅಲಂಕಾರಕ್ಕೆ ರವದಿ. ಒಣಗಿದ ಈ ಮೆಕ್ಕೆಜೋಳದ ಸಿಪ್ಪೆಯನ್ನು ಹತ್ತು ಹದಿನೈದು ನಿಮಿಷ ನೀರಲ್ಲಿ ನೆನೆಸಿದರೆ ಮುರಿಯದೆ ಬಾಗುತ್ತದೆ. ನಾಲ್ಕೈದು ಎಸಳನ್ನು ಮಡಚಿ ತಲೆಯ ಜಾಗದಲ್ಲಿ ದಾರ ಬಿಗಿದು, ಅಡ್ಡಲಾಗಿ ಎರಡು ಎಸಳು ಕಟ್ಟಿದರೆ ದೇವದೂತನ ರೆಕ್ಕೆ. ಅರಿಶಿನ ನೀರಲ್ಲಿ ಅದ್ದಿದರೆ ಬಂಗಾರದ ಬಣ್ಣ, ಬೀಟ್‌ರೂಟ್ ನೀರಲ್ಲಿ ಅದ್ದಿದರೆ ಗುಲಾಬಿ. ಒಣಗಿದ ಮೇಲೆ ಆಕಾರ ಹಾಗೇ ನಿಲ್ಲುತ್ತದೆ.

ಮೂರನೇ ವಾರ: ಗೋದಲಿ

ಗೋದಲಿ ಕಟ್ಟುವ ಪದ್ಧತಿಗೆ ಎಂಟು ನೂರು ವರ್ಷ ದಾಟಿದೆ. 1223ರ ಕ್ರಿಸ್‌ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸ್ ಜನರೆದುರು ಯೇಸುವಿನ ಹುಟ್ಟನ್ನು ಕಣ್ಣಿಗೆ ಕಟ್ಟುವಂತೆ ಮಾಡಬಯಸಿದರು. ಅದಕ್ಕೆ ಅವರು ತರಿಸಿದ್ದು ದನದ ಗೋದಲಿ, ಒಣಹುಲ್ಲು, ಜೀವಂತ ಎತ್ತು ಮತ್ತು ಕತ್ತೆ. ಹೆಚ್ಚುಕಡಿಮೆ ಅದೇ ವರ್ಷ ಇತ್ತ ತುಂಗಭದ್ರೆಯ ದಡದಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಹರಿಹರೇಶ್ವರ ದೇವಾಲಯ ಕಟ್ಟಿಸುತ್ತಿದ್ದ. ಫ್ರಾನ್ಸಿಸ್‌ಗೆ ಸಿಕ್ಕ ಸಾಮಗ್ರಿಯೆಲ್ಲ ನಮ್ಮ ಯಾವ ಒಕ್ಕಲಿಗನ ಮನೆಯಲ್ಲೂ ಸಿಗುವಂಥದ್ದು. ಗೋದಲಿಗೆ ಬಡತನ ಕೊರತೆಯಲ್ಲ. ಅದರ ಅರ್ಥವೇ ಅಲ್ಲಿದೆ.

ಹಾಗಾಗಿ ರಟ್ಟಿನ ಪೆಟ್ಟಿಗೆಗೆ ಭತ್ತದ ಹುಲ್ಲು ಹೊದಿಸಿದರೆ ಕೊಟ್ಟಿಗೆ ಸಿದ್ಧ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಮಕ್ಕಳು ಇಲ್ಲಿಗೂ ಎತ್ತು ಮಾಡಬಲ್ಲರು. ಕುರುಬ, ಕುರಿ, ಜೋಸೆಫ್, ಮರಿಯಾ, ಮಗು ಅದೇ ಮಣ್ಣಿನಲ್ಲಿ. ಜಿಗುಟು ಮಣ್ಣಿಗೆ ಸ್ವಲ್ಪ ಹತ್ತಿ ಅಥವಾ ನೆನೆಸಿ ಅರೆದ ಕಾಗದ ಕಲಸಿ, ನೆರಳಲ್ಲಿ ನಿಧಾನ ಒಣಗಿಸಬೇಕು. ಬಿಸಿಲಿಗಿಟ್ಟರೆ ಹೊರಗೆ ಬೇಗ ಒಣಗಿ ಒಳಗೆ ಹಸಿ ಉಳಿದು ಬೊಂಬೆ ಬಿರಿಯುತ್ತದೆ.

ಗೋದಲಿಯ ಮುಂದಿನ ಹಸಿರು ಹಾಸಿಗೆ ಧಾನ್ಯ ಬಿತ್ತುವುದು ಕರ್ನಾಟಕದ ಕ್ರೈಸ್ತ ಮನೆಗಳಲ್ಲಿ ರೂಢಿ. ನವರಾತ್ರಿಗೆ ಘಟ್ಟ ಹಾಕುವವರಿಗೂ ಈ ಕೆಲಸ ಗೊತ್ತು. ಮೂರನೇ ಭಾನುವಾರ ಡಿಸೆಂಬರ್ 11ರಿಂದ 17ರ ನಡುವೆ ಬೀಳುತ್ತದೆ. 14-15ರ ಸುಮಾರಿಗೆ ಬಿತ್ತಿದರೆ ಹಬ್ಬಕ್ಕೆ ಸರಿಯಾಗಿ ಪೈರು ಎದ್ದಿರುತ್ತದೆ. ರಾತ್ರಿಯಿಡೀ ನೆನೆದ ಗೋಧಿ ಅಥವಾ ರಾಗಿಯನ್ನು ತಟ್ಟೆಯ ತೆಳು ಮಣ್ಣಿನ ಮೇಲೆ ಹರಡಿ, ಎರಡು ದಿನ ಒದ್ದೆ ಬಟ್ಟೆ ಮುಚ್ಚಿ, ಮೊಳಕೆ ಒಡೆದ ಮೇಲೆ ಬೆಳಕಿಗೆ ತೆಗೆಯಬೇಕು. ಕತ್ತಲಲ್ಲಿ ಹಳದಿಯಾಗಿದ್ದ ಸಸಿ ಬೆಳಕು ಬಿದ್ದ ಮೇಲೆ ಪತ್ರಹರಿತ್ತು ಕೂಡಿ ಹಸಿರಾಗುತ್ತದೆ. ಚಳಿಗಾಲದಲ್ಲಿ ಗೋಧಿ ಚುರುಕಾಗಿ ಬೆಳೆಯುತ್ತದೆ. ರಾಗಿ ಗಿಡ್ಡವಾಗಿ, ನಯವಾದ ಹುಲ್ಲುಹಾಸಿನಂತೆ ಬರುತ್ತದೆ.

ನಾಲ್ಕನೇ ವಾರ: ತಟ್ಟೆ

ಮಂಗಳೂರಿನ ಕ್ಯಾಥೊಲಿಕರು ಕ್ರಿಸ್‌ಮಸ್ ತಿಂಡಿಗಳನ್ನು ಕುಸ್ವಾರ್ ಎಂದು ಕರೆದು ನೆರೆಮನೆಗಳಿಗೆಲ್ಲ ಹಂಚುತ್ತಾರೆ. ನಮ್ಮ ಕಡೆಯ ತಟ್ಟೆಯಲ್ಲಿ ಕರ್ಜಿಕಾಯಿ, ಚಕ್ಕುಲಿ, ಶಂಕರಪೋಳಿ, ರವೆ ಉಂಡೆಯ ಜೊತೆ ಕುಲ್‌ಕುಲ್, ಗುಲಾಬಿ ಅಚ್ಚಿನ ತಿಂಡಿ ಕೂಡುತ್ತವೆ. ಕುಲ್‌ಕುಲ್‌ಗೆ ಗೆರೆ ಮೂಡಿಸುವ ಕೆಲಸ ಮಕ್ಕಳದು: ಹಿಟ್ಟಿನ ಚಿಕ್ಕ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತಿದರೆ ಆಯಿತು. ಗುಲಾಬಿ ಅಚ್ಚನ್ನು ಮೊದಲು ಎಣ್ಣೆಯಲ್ಲೇ ಚೆನ್ನಾಗಿ ಕಾಯಿಸಿ, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಕಾದ ಲೋಹಕ್ಕೆ ಹಿಟ್ಟು ಕೂಡಲೇ ಹಿಡಿದುಕೊಳ್ಳುತ್ತದೆ. ಅಚ್ಚು ಪೂರ್ತಿ ಮುಳುಗಿದರೆ ಮೇಲೂ ಹಿಟ್ಟು ಮುಚ್ಚಿ ಬಿಡಿಸಿಕೊಳ್ಳಲು ಬರುವುದಿಲ್ಲ.

ಕೇಕಿಗೆ ಓವನ್ ಬೇಕೆಂದಿಲ್ಲ. ದಪ್ಪ ತಳದ ಪಾತ್ರೆಯಲ್ಲಿ ಒಂದು ಪದರ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಆಮೇಲೆ ಹಿಟ್ಟಿನ ಡಬ್ಬಿ ಒಳಗಿಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿದರೆ ಸಾಕು. ಸಕ್ಕರೆಯ ಜಾಗಕ್ಕೆ ಬೆಲ್ಲ ಬಂದರೆ ಕಂದು ಬಣ್ಣವೂ ಬರುತ್ತದೆ. ಹಾಡುತ್ತ ಮನೆಮನೆಗೆ ಬರುವ ಕ್ಯಾರೊಲ್ ತಂಡಕ್ಕೆ ದಾವಣಗೆರೆಯ ಮಂಡಕ್ಕಿ, ಮೆಣಸಿನಕಾಯಿಗಿಂತ ತಕ್ಕ ಉಪಚಾರ ಬೇರೆ ಬೇಡ.

ಉಳಿಸಿದ ದುಡ್ಡು ಮತ್ತು ಬೆರಳಿನ ಶ್ರಮ ಎಲ್ಲಿ ಹೋಗಬೇಕು ಎಂಬುದು ಈ ವಾರ ತೀರ್ಮಾನವಾಗುತ್ತದೆ. ಎಸ್.ಎಸ್. ಬಡಾವಣೆಯಂಥ ಕಡೆ ಓದಲು ಬಂದು ಬಾಡಿಗೆ ಕೋಣೆಯಲ್ಲಿರುವ ಹುಡುಗ ಹುಡುಗಿಯರಿದ್ದಾರೆ, ಬೆಳಗಿನ ಜಾವ ಬೀದಿ ಗುಡಿಸುವವರಿದ್ದಾರೆ, ಯುಗಾದಿಗೆ ಹೋಳಿಗೆ, ರಂಜಾನಿಗೆ ಸುರಕುಂಬ ಕಳಿಸಿದ ನೆರೆಯವರಿದ್ದಾರೆ. ತಟ್ಟೆ ಮೊದಲು ಅವರ ಮನೆಗೆ ಹೋಗಲಿ. ಮಿತವ್ಯಯ ಎಂದರೆ ಕೈ ಬಿಗಿ ಹಿಡಿಯುವುದು ಎಂಬ ತಪ್ಪು ತಿಳಿವಳಿಕೆ ಇದೆ. ಅಲಂಕಾರದಲ್ಲಿ ಉಳಿಸಿದರೆ ಹಂಚುವುದರಲ್ಲಿ ಧಾರಾಳವಾಗಬಹುದು. ಇದೇ ಮಿತವ್ಯಯದ ಉದ್ದೇಶ.

ಹಬ್ಬ ಮುಗಿದ ಮೇಲೆ

ಜನವರಿ 6ರ ಮೂರು ರಾಯರ ಹಬ್ಬದವರೆಗೆ ಗೋದಲಿ ಇರಲಿ. ಆಮೇಲೆ ಹುಲ್ಲು ಮತ್ತು ಗೋಧಿ ಸಸಿ ದನಕ್ಕೆ, ಬಣ್ಣವಿಲ್ಲದ ಮಣ್ಣಿನ ಬೊಂಬೆ ಮತ್ತೆ ಮಣ್ಣಿಗೆ, ರವದಿ ಗೊಬ್ಬರದ ಗುಂಡಿಗೆ. ನಕ್ಷತ್ರದ ಗಿಡ್ಡ ಕಡ್ಡಿಗಳನ್ನು ಕಳಚಿದರೆ ಚೌಕಟ್ಟು ಚಪ್ಪಟೆಯಾಗುತ್ತದೆ. ಅಟ್ಟದ ಮೇಲಿಟ್ಟರೆ ಮುಂದಿನ ವರ್ಷ ಬೇಕಾಗುವುದು ಹಾಳೆ ಮತ್ತು ಅಂಟು ಮಾತ್ರ. ಕೌದಿಗೆ ಆಗುವ ಹಳೆಯ ಸೀರೆಗಳನ್ನು ಈಗಿನಿಂದಲೇ ಒಂದು ಗಂಟಿನಲ್ಲಿ ಕೂಡಿಡಿ. ನವೆಂಬರ್ ಕೊನೆಗೋ ಡಿಸೆಂಬರ್ ಮೊದಲಿಗೋ ಆಗಮನದ ಮೊದಲ ಭಾನುವಾರ ಬಂದಾಗ ಅರ್ಧ ಕೆಲಸ ಆಗಲೇ ಆಗಿರುತ್ತದೆ.