ಜಲೋದರ: ಉಪ್ಪಿನ ಗುಟ್ಟು ತಿಳಿದ ಬಗೆ

ಆರ್.ಟಿ. ನಗರದಲ್ಲಿರುವ ನನ್ನ ಸೋದರತ್ತೆಯವರು ಬೆಳಗಿನ ಕಾಫಿಗೂ ಮುನ್ನ ತೂಕದ ಯಂತ್ರದ ಮೇಲೆ ನಿಲ್ಲುತ್ತಾರೆ. ಸೊಸೆ ಆ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನ ಚೌಕದೊಳಗೆ ಬರೆದಿಟ್ಟು, ಅಡುಗೆಮನೆಗೆ ಹೋಗಿ, ಕುದಿಯುವ ಸಾರಿಗೆ ಉಪ್ಪು ಬೀಳುವ ಮೊದಲೇ ಅವರ ಪಾಲನ್ನು ಸಣ್ಣ ಪಾತ್ರೆಯೊಂದಕ್ಕೆ ಬಗ್ಗಿಸಿಡುತ್ತಾಳೆ. ಮದ್ಯದ ವಾಸನೆಯನ್ನೂ ಅರಿಯದ ಈ ಹಿರಿಯರ ಯಕೃತ್ತು, ಬಹುಕಾಲದ ಸಕ್ಕರೆ ಕಾಯಿಲೆಯೊಡನೆ ಸೇರಿದ ಕೊಬ್ಬಿನಿಂದ ಗಟ್ಟಿಗಟ್ಟಿ, ಹೊಟ್ಟೆಯಲ್ಲಿ ನೀರು ತುಂಬಿತು. ಕುಡಿದವರಿಗಷ್ಟೇ ಬರುವ ರೋಗವಿದೆಂಬ ನಂಬಿಕೆ ಎಷ್ಟೋ ನಿರಪರಾಧಿಗಳನ್ನು ನೋಯಿಸಿದೆ.

ಈ ನೀರನ್ನು ಇಳಿಸಲು ಅವರು ನಿತ್ಯವೂ ನುಂಗುವ ಮಾತ್ರೆಗಳ ಪೂರ್ವಕಥೆ ದೀರ್ಘವಾದುದು. ಹೊಕ್ಕುಳ ಕೆಳಗೆ ಎಡಬದಿಯಲ್ಲಿ ಚುಚ್ಚಿ ನೀರು ತೆಗೆಯುವ ಕ್ರಮವನ್ನು ವಿವರಿಸಿರುವ ಸುಶ್ರುತಸಂಹಿತೆ, ಎಲ್ಲವನ್ನೂ ಒಂದೇ ದಿನ ತೆಗೆಯಬಾರದೆಂದು ಎಚ್ಚರಿಸುತ್ತದೆ. ಚರಕಸಂಹಿತೆಯಾದರೋ, ನೀರು ತೆಗೆದ ತರುವಾಯ ಜಿಡ್ಡೂ ಉಪ್ಪೂ ಇಲ್ಲದ ಗಂಜಿಯನ್ನು ವಿಧಿಸಿ, ಆಮೇಲೆ ಆರು ತಿಂಗಳು ಹಾಲಿನ ಪಥ್ಯವನ್ನು ಹೇಳುತ್ತದೆ. ಉಪ್ಪು ಆಗದೆಂಬುದು ಅನುಭವಕ್ಕೆ ಬಂದಿದ್ದಿತು. ಏಕೆ ಆಗದೆಂಬುದು ತಿಳಿಯಲು ಶತಮಾನಗಳೇ ಬೇಕಾದುವು.

1919ರಲ್ಲಿ ವಿಯೆನ್ನಾದ ಆಲ್‌ಫ್ರೆಡ್ ವೋಗಲ್ ಎಂಬ ವೈದ್ಯಕೀಯ ವಿದ್ಯಾರ್ಥಿ, ಉಪದಂಶಕ್ಕೆಂದು ಕೊಟ್ಟ ಪಾದರಸದ ಚುಚ್ಚುಮದ್ದಿನಿಂದ ರೋಗಿಗೆ ಅಪಾರವಾಗಿ ಮೂತ್ರ ಹೋಗುವುದನ್ನು ಗಮನಿಸಿದನು. ಅಂದಿನಿಂದ ಹಲವು ದಶಕಗಳವರೆಗೆ ವಿಷಸ್ವಭಾವದ ಪಾದರಸವೇ ನೀರಿಳಿಸುವ ಪ್ರಬಲ ಮದ್ದಾಗಿದ್ದಿತು. ಗುಟ್ಟು ಬಯಲಾದುದು 1953ರಲ್ಲಿ: ಲಂಡನ್ನಿನ ಸಿಲ್ವಿಯಾ ಸಿಂಪ್ಸನ್ ಮತ್ತು ಜೇಮ್ಸ್ ಟೇಟ್, ಬಾಸೆಲ್ಲಿನ ರೈಖ್‌ಸ್ಟೈನರೊಡಗೂಡಿ, ದೇಹದಲ್ಲಿ ಉಪ್ಪನ್ನು ಹಿಡಿದಿಡುವ ಆಲ್ಡೊಸ್ಟೆರೋನ್ ಎಂಬ ಹಾರ್ಮೋನನ್ನು ಬೇರ್ಪಡಿಸಿದರು.

ಯಲಹಂಕದ ಕೆರೆ ಕೋಡಿ ಬಿದ್ದಿದ್ದರೂ, ಕಾಲುವೆ ಕಟ್ಟಿಕೊಂಡರೆ ಕೆಳಗಿನ ತೋಟ ಬಾಡುವುದಷ್ಟೆ. ದೇಹದಲ್ಲಿಯೂ ಹಾಗೆಯೇ: ಗಟ್ಟಿಯಾದ ಯಕೃತ್ತಿನಲ್ಲಿ ರಕ್ತ ಸುಗಮವಾಗಿ ಹರಿಯದೆ ಹಿಂದಿನ ನಾಳಗಳಲ್ಲಿ ಒತ್ತಡವೇರುತ್ತದೆ. ಕರುಳಿನ ನಾಳಗಳು ಹಿಗ್ಗಿ ರಕ್ತವು ಅಲ್ಲಿಯೇ ತಂಗುತ್ತದೆ. ಆ ತೋಟದಂತೆ ಹರಿವು ಸಾಲದಾದ ಮೂತ್ರಪಿಂಡಗಳು ಬರಗಾಲ ಬಂದಿತೆಂದು ಭಾವಿಸಿ, ಆಲ್ಡೊಸ್ಟೆರೋನಿನ ಆಜ್ಞೆಯಂತೆ ಉಪ್ಪನ್ನು ಬಿಡದೆ ಹಿಡಿಯುತ್ತವೆ. ಉಪ್ಪಿನ ಬೆನ್ನು ಹತ್ತಿ ನೀರೂ ನಿಲ್ಲುತ್ತದೆ, ನಿಂತ ನೀರು ಹೊಟ್ಟೆಗಿಳಿಯುತ್ತದೆ. ಈ ಆಜ್ಞೆಯನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ 1957ರಲ್ಲಿ ಅಮೆರಿಕದ ಸರ್ಲ್ ಕಂಪೆನಿಯಲ್ಲಿ ರೂಪುಗೊಂಡಿತು. 1960ರ ದಶಕದಲ್ಲಿ ಮೂತ್ರ ಹೆಚ್ಚಿಸುವ ಫ್ಯುರೋಸಮೈಡ್ ಅದಕ್ಕೆ ಜೊತೆಯಾಯಿತು.

ಇಂದು ಸಾಮಾನ್ಯವಾಗಿ 100 ಮಿಲಿಗ್ರಾಂ ಸ್ಪೈರೊನೊಲ್ಯಾಕ್ಟೋನಿಗೆ 40 ಮಿಲಿಗ್ರಾಂ ಫ್ಯುರೋಸಮೈಡನ್ನು ಜೋಡಿಸುತ್ತಾರೆ. ಈ ಪ್ರಮಾಣದಲ್ಲಿ ರಕ್ತದ ಪೊಟ್ಯಾಸಿಯಂ ಬಹುಮಟ್ಟಿಗೆ ಸಮತೋಲದಲ್ಲಿರುತ್ತದೆ. ಫಲ ಕಾಣಲು ಕೆಲವು ದಿನಗಳು ಹಿಡಿಯುವುದರಿಂದ ಆತುರ ಸಲ್ಲದು. ಕಾಲೂತವಿಲ್ಲದವರ ತೂಕ ದಿನಕ್ಕೆ ಅರ್ಧ ಕಿಲೋಗಿಂತ ಹೆಚ್ಚು ಇಳಿದರೆ ಮೂತ್ರಪಿಂಡಗಳೇ ನಲುಗಬಹುದು. ಎಲ್ಲವನ್ನೂ ಒಂದೇ ದಿನ ತೆಗೆಯಬಾರದೆಂಬ ಸುಶ್ರುತಸಂಹಿತೆಯ ಎಚ್ಚರಿಕೆಯನ್ನು ಇದು ಹೋಲುತ್ತದೆ. ನೋವಿನ ಮಾತ್ರೆಗಳನ್ನು ತಾವಾಗಿಯೇ ನುಂಗಬಾರದು. ನಮ್ಮವರು ಅಮೃತವೆಂದು ಕುಡಿಸುವ ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿರುವುದರಿಂದ ಅದನ್ನೂ ವೈದ್ಯರನ್ನು ಕೇಳಿಯೇ ಕೊಡಬೇಕು. ಮಾತ್ರೆಗೆ ಜಗ್ಗದ ನೀರನ್ನು ಸೂಜಿಯಿಂದ ತೆಗೆಯಬೇಕಾದಾಗ, 5 ಲೀಟರಿಗೆ ಮೀರಿದರೆ ಆಲ್ಬುಮಿನ್ ಎಂಬ ಪ್ರೋಟೀನನ್ನು ಏರಿಸುತ್ತಾರೆ.

ಈ ಮಾತ್ರೆಗಳು ಯಕೃತ್ತನ್ನು ಹೊಸದಾಗಿಸಲಾರವು. ಆ ಶಕ್ತಿ, ಯೋಗ್ಯರಾದ ಕೆಲವರಿಗೆ, ಕಸಿಯಲ್ಲಿ ಮಾತ್ರವಿದೆ. ಇವುಗಳಿಂದ ದೊರೆಯುವುದು ಸಲೀಸಾದ ಉಸಿರು, ಹಸಿವು, ಮಲಗಿದರೆ ಬರುವ ನಿದ್ರೆ. ಆದರೆ ಉಪ್ಪಿನಕಾಯಿಯೂ ಹಪ್ಪಳವೂ ತಟ್ಟೆಗೆ ಮರಳಿದ ದಿನ ಮಾತ್ರೆಯ ದುಡಿಮೆಯೆಲ್ಲ ವ್ಯರ್ಥ. ಆದುದರಿಂದಲೇ, ವೈದ್ಯರ ಚೀಟಿಯಷ್ಟೇ ಗೌರವದಿಂದ ನಾನು ಆ ಸಣ್ಣ ಪಾತ್ರೆಯನ್ನು ಕಾಣುತ್ತೇನೆ. ಕಳೆದ ವಾರ ಅತ್ತೆಯವರು ಸಾರಿಗೆ ನಿಂಬೆಹುಳಿ ಹಿಂಡಿಕೊಂಡು, ರುಚಿಯಾಗಿದೆಯೆಂದು ಹೇಳಿ, ಇನ್ನೊಂದು ಸೌಟು ಬಡಿಸಿಕೊಂಡರು.