ಓಡಾಟ ನಿಂತಾಗ ಊರಿನ ಸದ್ದು ಎಷ್ಟು ಇಳಿಯುತ್ತದೆ?

ಜನರ ಓಡಾಟಕ್ಕೆ ತಡೆ ಬಿದ್ದರೆ ಊರಿನ ಸದ್ದು ಕಡಿಮೆಯಾಗುತ್ತದೆ. ಆದರೆ ಓಡಾಟ ತಗ್ಗಿದಷ್ಟೇ ಪ್ರಮಾಣದಲ್ಲಿ ಸದ್ದು ತಗ್ಗುವುದಿಲ್ಲ, ಎಲ್ಲ ಕಡೆಯೂ ಒಂದೇ ರೀತಿ ತಗ್ಗುವುದಿಲ್ಲ. 2020ರ ಮಾರ್ಚ್ 25ರಂದು, ಯುಗಾದಿಯ ದಿನವೇ, ಕೋವಿಡ್ ತಡೆಗೆ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂತು. ಈ ವ್ಯತ್ಯಾಸ ಅರ್ಥವಾಗಲು ಅಷ್ಟು ವ್ಯಾಪಕವಾದ ಸಂದರ್ಭ ಹಿಂದೆಂದೂ ಸಿಕ್ಕಿರಲಿಲ್ಲ.

ತುಮಕೂರಿನಿಂದ ಬೆಂಗಳೂರಿನ ಕಡೆಗೆ ಹೋಗುವಾಗ ಕ್ಯಾತಸಂದ್ರ ದಾಟಿದ ಮೇಲೆ ಸಿಗುವ ಹಿರೇಹಳ್ಳಿಯಂಥ ಊರಿನಲ್ಲಿ ಸದ್ದಿನ ಮೂಲಗಳು ಒಂದರ ಪಕ್ಕ ಒಂದಿವೆ. ಬೆಂಗಳೂರು–ಪುಣೆ ರಾಷ್ಟ್ರೀಯ ಹೆದ್ದಾರಿ 48 (ಹಳಬರ ಬಾಯಲ್ಲಿ ಇಂದಿಗೂ ಎನ್ಎಚ್ 4), ಅರಸೀಕೆರೆ ಕಡೆಗೆ ಸಾಗುವ ರೈಲು ಹಳಿ, ಕೈಗಾರಿಕಾ ಪ್ರದೇಶ. ಇವುಗಳ ಜೊತೆಗೇ ಸಿದ್ದು ಹಲಸಿನ ತಳಿಯಿಂದ ಹೆಸರಾದ ತೋಟಗಾರಿಕೆ ಪ್ರಯೋಗ ಕೇಂದ್ರ, ಹೊಲ, ಮನೆಗಳೂ ಇವೆ. ಲಾಕ್‌ಡೌನ್ ಈ ಮೂಲಗಳನ್ನೆಲ್ಲ ಒಂದೇ ಏಟಿಗೆ ಮುಚ್ಚಲಿಲ್ಲ. ಪ್ರಯಾಣಿಕರ ರೈಲು ನಿಂತವು, ಗೂಡ್ಸ್ ಓಡಿದವು. ಬಸ್ಸು, ಕಾರು, ಬೈಕು ಮಾಯವಾದವು. ಸಾಮಾನು ಹೊತ್ತ ಲಾರಿಗಳಿಗೆ ಅನುಮತಿ ಇತ್ತು. ಬೇಸಾಯದ ಕೆಲಸಗಳಿಗೆ ಮೊದಲ ವಾರದಲ್ಲೇ ವಿನಾಯಿತಿ ಸಿಕ್ಕಿತು. ನಗರಸಭೆ, ಪಾಲಿಕೆಗಳ ಗಡಿಯಾಚೆಯ ಕಾರ್ಖಾನೆಗಳು ಏಪ್ರಿಲ್ 20ರಿಂದ ಷರತ್ತಿನ ಮೇಲೆ ತೆರೆಯಬಹುದೆಂದು ಕೇಂದ್ರದ ಮಾರ್ಗಸೂಚಿ ಹೇಳಿತು. ಹಾಗಾಗಿ ಯಾವ ಮೂಲ ನಿಂತಿತು, ಯಾವುದು ಉಳಿಯಿತು ಎಂಬುದೇ ಇಲ್ಲಿ ಮುಖ್ಯವಾಗುತ್ತದೆ.

ಸದ್ದನ್ನು ಅಳೆಯುವ ಡೆಸಿಬಲ್ ಮಾಮೂಲಿ ಕೂಡು–ಕಳೆ ಲೆಕ್ಕಕ್ಕೆ ಸಿಗುವುದಿಲ್ಲ. ಒಂದೇ ಬಗೆಯ ವಾಹನಗಳು ಒಂದೇ ವೇಗದಲ್ಲಿ ಹೋಗುವ ರಸ್ತೆಯಲ್ಲಿ ಅರ್ಧದಷ್ಟು ವಾಹನ ಕಡಿಮೆಯಾದರೆ ಇಳಿಯುವುದು ಬರೀ 3 ಡೆಸಿಬಲ್. ಅದು ಕಿವಿಗೆ ಗೊತ್ತಾಗುವುದೂ ಕಷ್ಟ. ಹತ್ತರಲ್ಲಿ ಒಂಬತ್ತು ವಾಹನ ನಿಂತರೆ 10 ಡೆಸಿಬಲ್ ಇಳಿಯುತ್ತದೆ. ಸದ್ದು ಅರ್ಧಕ್ಕೆ ಇಳಿದಂತೆ ಕೇಳುವುದು ಆಗ.

ವಾಹನಗಳು ಬೇರೆ ಬೇರೆ ಬಗೆಯವಾದರೆ ಈ ಲೆಕ್ಕವೂ ತಲೆಕೆಳಗಾಗುತ್ತದೆ. ಒಂದು ಲಾರಿಯ ಸದ್ದು ಕಾರಿನದಕ್ಕಿಂತ 10 ಡೆಸಿಬಲ್ ಹೆಚ್ಚು ಎಂದುಕೊಂಡರೆ, ಆ ಒಂದು ಲಾರಿ ಹತ್ತು ಕಾರಿಗೆ ಸಮ. 90 ಕಾರು, 10 ಲಾರಿ ಓಡುತ್ತಿದ್ದ ರಸ್ತೆಯಲ್ಲಿ ಕಾರುಗಳೆಲ್ಲ ನಿಂತು ಲಾರಿಗಳು ಮಾತ್ರ ಉಳಿದವು ಎನ್ನಿ. ನೂರರಲ್ಲಿ ತೊಂಬತ್ತು ವಾಹನ ಹೋಗಿವೆ, ಸದ್ದು ಮಾತ್ರ 3 ಡೆಸಿಬಲ್ ಕೂಡ ಪೂರ್ತಿ ಇಳಿದಿಲ್ಲ. ರಸ್ತೆ ಖಾಲಿಯಾದ ಮೇಲೆ ವೇಗ ಹೆಚ್ಚುವುದೂ ಸಹಜ. ಗಂಟೆಗೆ 50 ಕಿ.ಮೀ. ದಾಟಿದ ಕಾರಿನಲ್ಲಿ ಎಂಜಿನ್‌ಗಿಂತ ಟೈರು ನೆಲಕ್ಕೆ ಉಜ್ಜುವ ಸದ್ದೇ ಮೇಲಾಗುತ್ತದೆ. ವೇಗ ಇಮ್ಮಡಿಯಾದರೆ ಅದು ಸುಮಾರು 9 ಡೆಸಿಬಲ್ ಏರುತ್ತದೆ. ಊರೊಳಗಿನ ಬೀದಿಗೆ ಲಾಕ್‌ಡೌನ್ ತಂದಷ್ಟು ನಿಶ್ಶಬ್ದವನ್ನು ಹೆದ್ದಾರಿಯ ಬದಿಗೆ ತರಲಾಗದಿರುವುದಕ್ಕೆ ಕಾರಣ ಇದೇ. ಹೆದ್ದಾರಿಗೆ ಅಂಟಿಕೊಂಡು ಮನೆ ಮಾಡಿರುವವರ ನಿದ್ದೆಯ ಪ್ರಶ್ನೆ ಇದು. ಇದನ್ನು ವಾಹನಗಳ ಒಟ್ಟು ಸಂಖ್ಯೆಯಿಂದ ಅಳೆಯುವುದು ತಪ್ಪು.

ಸರಾಸರಿ ಅಷ್ಟಾಗಿ ಇಳಿಯದಿದ್ದರೂ ಸದ್ದಿನ ಸ್ವರೂಪ ಬದಲಾಗುತ್ತದೆ. ನಮ್ಮ ಊರುಗಳಲ್ಲಿ ಮೈ ಬೆಚ್ಚಿಸುವುದು ಹಾರ್ನ್. ಮುಂದೆ ಅಡ್ಡ ಬರುವವರಿಲ್ಲದಿದ್ದರೆ ಹಾರ್ನ್ ಹೊಡೆಯುವ ಕಾರಣವೂ ಇರುವುದಿಲ್ಲ. ಮದುವೆ ಛತ್ರದ ಆರ್ಕೆಸ್ಟ್ರಾ, ಧ್ವನಿವರ್ಧಕ, ಬಸ್ ನಿಲ್ದಾಣದ ಕೂಗು ಇವೆಲ್ಲ ಹೋದಾಗ ಏರಿಳಿತ ಕಡಿಮೆಯಾಗಿ, ಯಾವಾಗಲೂ ಇದ್ದೇ ಇರುವ ತಳದ ಸದ್ದು ಬೇರೆಯಾಗಿ ಕೇಳತೊಡಗುತ್ತದೆ. ಆ ತಳವೇ ಇಳಿದರೆ ದೂರದ ಸದ್ದುಗಳು ಹತ್ತಿರ ಬರುತ್ತವೆ. ರಾತ್ರಿಯಲ್ಲಿ ಇದು ಇನ್ನೂ ಹೆಚ್ಚು: ನೆಲದ ಹತ್ತಿರದ ಗಾಳಿ ತಂಪಾಗಿ ಮೇಲಿನದು ಬೆಚ್ಚಗಿದ್ದಾಗ ಸದ್ದು ಮೇಲಕ್ಕೆ ಹೋಗದೆ ನೆಲದತ್ತ ಬಾಗುತ್ತದೆ. ಹಗಲಲ್ಲಿ ಕಿವಿಗೆ ಬೀಳದ ಗೂಡ್ಸ್ ರೈಲು ಇರುಳಲ್ಲಿ ಮೈಲಿಗಟ್ಟಲೆ ಆಚೆಗೂ ಕೇಳುತ್ತದೆ.

ಆ ದಿನಗಳಲ್ಲಿ ಹಕ್ಕಿಗಳು ಹೆಚ್ಚು ಜೋರಾಗಿ ಕೂಗುತ್ತಿವೆ ಎಂದು ಅನೇಕರಿಗೆ ಅನಿಸಿತ್ತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎಲಿಜಬೆತ್ ಡೆರಿಬೆರಿ ಮತ್ತು ಸಂಗಡಿಗರು ಅಳೆದಾಗ ಕಂಡದ್ದು ಇದಕ್ಕೆ ತಿರುಗುಮುರುಗು. ಬಿಳಿ ನೆತ್ತಿಯ ಗುಬ್ಬಿಗಳು ಮೊದಲಿಗಿಂತ ಮೆಲ್ಲಗೆ ಹಾಡುತ್ತಿದ್ದವು, ಆದರೂ ಹಾಡು ಇಮ್ಮಡಿಗೂ ಹೆಚ್ಚು ದೂರ ಮುಟ್ಟುತ್ತಿತ್ತು. ಗದ್ದಲವನ್ನು ಮೀರಿಸಲು ಅವು ಅಷ್ಟು ವರ್ಷ ಅರಚಬೇಕಾಗಿತ್ತು ಎಂಬುದು ಮರುಕ ಹುಟ್ಟಿಸುವ ಸಂಗತಿ.

ಕಿವಿಗೆ ಕೇಳದ ಸದ್ದೂ ಇಳಿಯಿತು. ವಾಹನ, ರೈಲು, ಯಂತ್ರಗಳು ನೆಲವನ್ನೂ ಸಣ್ಣಗೆ ನಡುಗಿಸುತ್ತವೆ. ಭೂಕಂಪಮಾಪಕಗಳು ಅದನ್ನು ದಾಖಲಿಸುತ್ತವೆ. 117 ದೇಶಗಳ 268 ಕೇಂದ್ರಗಳ ದಾಖಲೆಯನ್ನು ಬೆಲ್ಜಿಯಂನ ಥಾಮಸ್ ಲೆಕಾಕ್ ಮತ್ತು ಜೊತೆಗಾರರು ಪರಿಶೀಲಿಸಿದರು. 185 ಕೇಂದ್ರಗಳಲ್ಲಿ ಕಂಪನ ಸ್ಪಷ್ಟವಾಗಿ ಕುಗ್ಗಿತ್ತು, ಕೆಲವೆಡೆ ಅರ್ಧದಷ್ಟು.

ಭಾರತದಲ್ಲಿ ಸದ್ದಿಗೆ ಮಿತಿ ಹಾಕಿರುವುದು 2000ದ ಶಬ್ದಮಾಲಿನ್ಯ ನಿಯಮಗಳು. ಕೈಗಾರಿಕಾ ಪ್ರದೇಶಕ್ಕೆ ಹಗಲು 75, ರಾತ್ರಿ 70 ಡೆಸಿಬಲ್. ವಾಣಿಜ್ಯ ಪ್ರದೇಶಕ್ಕೆ 65, 55. ವಸತಿ ಪ್ರದೇಶಕ್ಕೆ 55, 45. ಆಸ್ಪತ್ರೆ, ಶಾಲೆಗಳ ಸುತ್ತಲಿನ ನಿಶ್ಶಬ್ದ ವಲಯಕ್ಕೆ 50, 40. ಹಗಲೆಂದರೆ ಬೆಳಿಗ್ಗೆ 6ರಿಂದ ರಾತ್ರಿ 10. ಕಾರ್ಖಾನೆಯೂ ಮನೆಯೂ ಅಕ್ಕಪಕ್ಕ ಇರುವ ಊರಿನಲ್ಲಿ ರಾತ್ರಿಯ ಎರಡು ಮಿತಿಗಳ ನಡುವೆ 25 ಡೆಸಿಬಲ್ ಅಂತರವಿದೆ, ಸದ್ದಿನ ಶಕ್ತಿಯಲ್ಲಿ ಇದು ಮುನ್ನೂರು ಪಟ್ಟು. ಕಾಗದದ ಮೇಲೆ ವಲಯ ಬೇರೆ ಮಾಡಬಹುದು, ಗಾಳಿಯಲ್ಲಿ ಗೆರೆ ಎಳೆಯಲಾಗದು. ಹಗಲಿರುಳೂ ಸದ್ದು ಅಳೆಯುವ ರಾಷ್ಟ್ರೀಯ ಜಾಲ 2011ರಲ್ಲಿ ಆರಂಭವಾದದ್ದು ಏಳು ಮಹಾನಗರಗಳಲ್ಲಿ. ಹಿರೇಹಳ್ಳಿಯ ಇದೇ ಹೆದ್ದಾರಿಯ ಮೇಲಿರುವ ಬೆಂಗಳೂರಿನ ಪೀಣ್ಯ ಆ ಜಾಲದಲ್ಲಿದೆ. ಹೆದ್ದಾರಿ ಬದಿಯ ಸಣ್ಣ ಊರುಗಳಿಗೂ ಅಂಥ ಮಾಪಕ ಅಷ್ಟೇ ಅಗತ್ಯ.

ನಿರ್ಬಂಧ ಸಡಿಲವಾದಂತೆ ಸದ್ದು ಮರಳಿದ್ದೂ ಹಂತ ಹಂತವಾಗಿ. ರಾಜ್ಯದೊಳಗಿನ ಬಸ್ಸುಗಳು 2020ರ ಮೇ 19ರಿಂದ ಓಡಿದವು. ಮೇ 22ರಂದು ಬೆಂಗಳೂರು–ಬೆಳಗಾವಿ ವಿಶೇಷ ರೈಲು ತುಮಕೂರಿನ ಮೂಲಕ ಹೊರಟಿತು. 2021ರ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯ ಸರ್ಕಾರ ಹೇರಿದ ಕರ್ಫ್ಯೂ ಬೇರೆಯದೇ ಮಾದರಿಯದು: ಸಿದ್ಧ ಉಡುಪು ಬಿಟ್ಟು ಉಳಿದ ತಯಾರಿಕಾ ಘಟಕಗಳಿಗೆ ಅನುಮತಿ ಇತ್ತು, ದಿನಸಿ–ತರಕಾರಿ ಕೊಳ್ಳಲು ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅವಕಾಶ. ಹಗಲಿನ 16 ಗಂಟೆಗಳಲ್ಲಿ ಹರಡಿಕೊಂಡಿದ್ದ ಅಂಗಡಿ ಬೀದಿಯ ಗದ್ದಲವೆಲ್ಲ ನಾಲ್ಕೇ ಗಂಟೆಗೆ ತುಂಬಿಕೊಂಡರೆ ಆ ಅವಧಿಯ ಮಟ್ಟ 6 ಡೆಸಿಬಲ್ ಏರುತ್ತದೆ. ಇಡೀ ಹಗಲಿನ ಸರಾಸರಿ ಮಾತ್ರ ಇದ್ದಲ್ಲೇ ಇರುತ್ತದೆ. ನಿರ್ಬಂಧದ ಕಾಲದ ಸದ್ದನ್ನು ಗಂಟೆಗಂಟೆಯ ಅಂಕಿಗಳಿಂದಲೇ ಓದಬೇಕಾಗುವುದು ಇದಕ್ಕಾಗಿ.